ಗೊಬ್ಬರದ ರಾಶಿಯಲ್ಲಿ ಮುಂಡಪ್ಪನ ಮಕ್ಕಳು

ಮೊದಲು ಖರ್ಚಿನ ಬಾಬ್ತು ಹೇಳಿಬಿಡುತ್ತೇನೆ. ಬೆರಳೆಣಿಕೆಯ ಮಾವಿನ ಸಸಿಗಳಿಗಾಗಿ ನಾನು ತೆತ್ತದ್ದು ಇಷ್ಟು: ಮೂರು ಬೇಸಗೆಯ ಸೊಂಟನೋವು, ಒಂದು ಮಳೆಗಾಲದ ಕಸಿ ವ್ಯಾಪಾರ, ಲಾರಿ ತುಂಬುವಷ್ಟು ಹದವಾಗಿ ಕಳಿತ ಗೊಬ್ಬರ, ಮತ್ತು ಕಾಪುವಿನಿಂದ ಕಾರ್ಕಳದವರೆಗೆ "ಸಸಿಯ ವಿಷಯವಾ? ಸಂಜೀವಣ್ಣನ ಹತ್ತಿರ ಕೇಳಿ" ಎನ್ನುತ್ತಿದ್ದವರ ನಂಬಿಕೆಯಲ್ಲಿ ಅರ್ಧ ಪಾಲು. ಇಷ್ಟೆಲ್ಲ ಯಾಕೆ ಹೋಯಿತೆಂದರೆ, ನನ್ನ ಕೆಲಸದಲ್ಲಿ ನಾನು ವಿಪರೀತ ಪಳಗಿಬಿಟ್ಟಿದ್ದೆ. ಕೆಲಸ ಬಾರದವನು ಇಷ್ಟು ದೊಡ್ಡ ನಷ್ಟ ಮಾಡಲಾರ, ಅವನಿಗೆ ಅಷ್ಟು ಧೈರ್ಯ ಇರುವುದಿಲ್ಲ.

ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿ, ಆದಿ ಉಡುಪಿಯ ಸಂತೆಗೆ ಸಸಿ ಒಯ್ದು ಮಾರಿದವನು ನಾನು. ಆಮೇಲೆ ಕಾಪುವಿನಲ್ಲಿ ಹೆದ್ದಾರಿಯ ಬದಿಗೆ ಒಂದು ನರ್ಸರಿ ಆಯಿತು. ಓದು ಕಡಿಮೆ, ಚೌಕಾಸಿ ಜಾಸ್ತಿ. ಗಿರಾಕಿಯ ಚಪ್ಪಲಿ ನೋಡಿ ರೇಟು ಹೇಳುತ್ತಿದ್ದೆ, ಸಸಿಯ ಕುತ್ತಿಗೆ ನೋಡಿ ಅದರ ಆಯುಸ್ಸು ಹೇಳುತ್ತಿದ್ದೆ. ಮೊದಲನೆಯದರಲ್ಲಿ ಹೆಚ್ಚಾಗಿ ತಪ್ಪುತ್ತಿರಲಿಲ್ಲ. ಎರಡನೆಯದರ ಬಗ್ಗೆ ನನಗೆ ಅನುಮಾನ ಹುಟ್ಟಿಸಿದವಳು ಪ್ರತಿಮಾ.

ಪ್ರತಿಮಾ ಮಣಿಪಾಲದ ಒಂದು ಪ್ರಯೋಗಶಾಲೆಯಲ್ಲಿ ಹಣ್ಣಿನ ಮರಗಳ ತಳಿಯ ಮೇಲೆ ಕೆಲಸ ಮಾಡುತ್ತಿದ್ದ ಹುಡುಗಿ, ಕಾರ್ಕಳದ ಕಡೆಯವಳು. ಒಂದು ದಿನ ನರ್ಸರಿಗೆ ಬಂದು, "ಊರ ಪಪ್ಪಾಯಿ ಸಸಿ ಉಂಟಾ? ಪ್ರತಿಯೊಂದರಿಂದ ಉಗುರಿನಷ್ಟು ಎಲೆ ಬೇಕು" ಎಂದಳು.

"ಎಲೆಗೆ ಬೇರೆ ರೇಟು," ಎಂದೆ.

"ಎಂತಕ್ಕೆ? ಆಡು ತಿಂದರೆ ನೀವು ಆಡಿನ ಹತ್ತಿರ ದುಡ್ಡು ಕೇಳ್ತೀರಾ?"

ಮಾತಿಗೆ ಮಾತು ಸಿಕ್ಕಿತು ಎಂದು ನನಗೆ ಖುಷಿಯಾಯಿತು. ಎಲೆ ಎಂತಕ್ಕೆ ಎಂದು ಕೇಳಿದೆ. ಪಪ್ಪಾಯಿಯಲ್ಲಿ ಗಂಡು ಗಿಡ ಕಾಯಿ ಬಿಡುವುದಿಲ್ಲ, ಹೂ ಬರುವವರೆಗೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಎಲೆಯಿಂದ ವಂಶವಾಹಿ ತೆಗೆದು ನೋಡಿದರೆ ಮೊಳಕೆಯಲ್ಲೇ ಗೊತ್ತಾಗುತ್ತದೆ ಎಂದಳು.

"ಅದಕ್ಕೆ ಮಿಷನ್ ಬೇಕಾ? ಬೇರು ಸೀದಾ ಇಳಿದರೆ ಗಂಡು, ಕವಲೊಡೆದರೆ ಹೆಣ್ಣು. ನಾನು ನೋಡಿಯೇ ಹೇಳ್ತೇನೆ."

"ಹಾಗಾದರೆ ಹೇಳಿ. ನೀವು ಗಂಡು ಎಂದದ್ದಕ್ಕೆಲ್ಲ ಕೆಂಪು ನೂಲು ಕಟ್ಟಿ. ನಾನು ನನ್ನ ಲೆಕ್ಕ ಮಾಡ್ತೇನೆ."

ಸಸಿಗಳನ್ನು ಕಾರ್ಕಳದ ಒಬ್ಬ ಕೃಷಿಕರ ಗದ್ದೆಯಲ್ಲಿ ನೆಟ್ಟೆವು. ಹೂ ಬಂದು ಕಾಯಿ ಕಚ್ಚುವಾಗ ಇಬ್ಬರೂ ಹೋದೆವು. ಅವಳು ಹೇಳಿದ್ದೆಲ್ಲ ಸರಿ ಇತ್ತು. ನಾನು ಹೇಳಿದ್ದು, ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೆ ಎಷ್ಟು ಸರಿಯಾಗುತ್ತಿತ್ತೋ ಅಷ್ಟೇ. ಆ ಕೃಷಿಕರು ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು, "ಸಂಜೀವಣ್ಣ, ನೀವು ಕೆಂಪು ನೂಲು ಕಟ್ಟಿದ ಗಂಡಸರೇ ಜಾಸ್ತಿ ಹೆತ್ತಿದ್ದಾರಲ್ಲ ಮಾರಾಯ್ರೆ!" ಎಂದರು. ಆ ಮಾತು ನನಗಿಂತ ಮೊದಲೇ ಬಸ್ಸು ಹತ್ತಿ ಕಾಪು ಮುಟ್ಟಿತು.

ತಿರುಗಿ ಬರುವಾಗ ಪ್ರತಿಮಾಳ ಹತ್ತಿರ ಕೇಳಿದೆ, "ಎಲೆಯಲ್ಲಿ ನೋಡುವ ಆ ಗುರುತು ಎಂದರೆ ಎಂತದ್ದು?"

"ಬಸ್ಸಿಗೆ ಬೋರ್ಡ್ ಇದ್ದ ಹಾಗೆ. ಬಸ್ಸು ಎಲ್ಲಿಗೆ ಹೋಗ್ತದೆ ಎಂದು ನೋಡಲಿಕ್ಕೆ ಕಾರ್ಕಳದವರೆಗೆ ಕೂತುಕೊಂಡು ಹೋಗುದು ಬೇಡ. ಬೋರ್ಡ್ ನೋಡಿದರೆ ಸಾಕು."

"ಬೋರ್ಡ್ ಬದಲಿಸದೆ ಓಡುವ ಬಸ್ಸೂ ಉಂಟಲ್ಲ?"

"ಉಂಟು. ಅದಕ್ಕೇ ನಾವು ಒಂದೇ ಬೋರ್ಡ್ ನೋಡಿ ಹತ್ತುದಿಲ್ಲ. ನಾಲ್ಕು ಕಡೆ ನೋಡ್ತೇವೆ."

ಆವತ್ತಿನಿಂದ ನಾನು ಅವಳ ಪಕ್ಷ ಸೇರಿದೆ. ಸೋತ ಮೇಲೆ ಗೆದ್ದವರ ಪಕ್ಷ ಸೇರುವುದು ವ್ಯಾಪಾರದ ಮೊದಲ ಪಾಠ.

ಅವಳ ನಿಜವಾದ ಕೆಲಸ ಮಾವಿನದ್ದು. ನಮ್ಮ ಕಡೆ ಮುಂಡಪ್ಪ ಎಂದರೆ ಮಾವಿನ ತಳಿಗಳಲ್ಲಿ ದೊಡ್ಡ ಹೆಸರು. ಆದರೆ ಉಪ್ಪುನೀರು ತಾಗುವ ನೆಲದಲ್ಲಿ ಅದು ನಿಲ್ಲುವುದಿಲ್ಲ, ಎಲೆಯ ಅಂಚು ಸುಟ್ಟ ದೋಸೆಯ ಹಾಗಾಗುತ್ತದೆ. ಕೆಮ್ಮಣ್ಣು ಎಂಬ ಊರಿನಲ್ಲಿ ಮೀನು ವ್ಯಾಪಾರದ ರೋಹಿಣಿ ಅಕ್ಕನ ಮನೆ ಹಿತ್ತಿಲಿನಲ್ಲಿ, ಹಿನ್ನೀರು ಬಂದು ಬುಡ ತೊಳೆಯುವ ಜಾಗದಲ್ಲೇ, ಒಂದು ಊರ ಮಾವಿನ ಮರ ಏನೂ ಆಗದವರ ಹಾಗೆ ನಿಂತಿತ್ತು. ಹಣ್ಣು ಸಣ್ಣದು, ನಾರು ಜಾಸ್ತಿ. ಆ ಮರವನ್ನು ತಾಯಿಯಾಗಿಯೂ ಮುಂಡಪ್ಪವನ್ನು ತಂದೆಯಾಗಿಯೂ ಮಾಡಿ ಸಸಿ ಎಬ್ಬಿಸುವುದು. ಆ ಸಸಿಗಳಲ್ಲಿ ಯಾವುದಕ್ಕೆ ಉಪ್ಪು ತಡೆಯುವ ಗುಣ ಬಂದಿದೆ, ಯಾವುದಕ್ಕೆ ಹಣ್ಣಿನ ಗುಣ ಬಂದಿದೆ ಎಂಬುದಕ್ಕೆ ಎಲೆಯಲ್ಲೇ ಗುರುತು ಹುಡುಕುವುದು. ಹಣ್ಣಾಗುವವರೆಗೆ ವರ್ಷಗಟ್ಟಲೆ ಕಾಯದೆ ಬೇಡದ್ದನ್ನು ಮೊದಲೇ ತೆಗೆಯುವುದು. ಇದು ಯೋಜನೆ. ಮೂರು ಹಂಗಾಮಿಗೆ ಮಂಜೂರಾದದ್ದು. ಅಷ್ಟರೊಳಗೆ ನಿಜವಾದ ಮಿಶ್ರತಳಿ ಸಸಿಗಳನ್ನು ತೋರಿಸದಿದ್ದರೆ ಯೋಜನೆ ಬಂದ್, ಪ್ರತಿಮಾಳ ಹುದ್ದೆಯೂ ಬಂದ್. ಇದನ್ನು ಅವಳ ಮೇಲಿನವರು, ನಾವೆಲ್ಲ ದೊಡ್ಡ ಸಾರ್ ಎನ್ನುತ್ತಿದ್ದವರು, ಮೊದಲ ದಿನವೇ ನನ್ನೆದುರಿಗೇ ಅವಳಿಗೆ ಹೇಳಿದ್ದರು. ದೊಡ್ಡ ಸಾರ್ ಕೆಟ್ಟವರಲ್ಲ. ಯಾವ ಸಂತೋಷದ ಸುದ್ದಿ ಕೊಟ್ಟರೂ "ಇನ್ನೊಮ್ಮೆ ಮಾಡಿ ನೋಡಿ" ಎನ್ನುತ್ತಿದ್ದರು ಅಷ್ಟೆ. ಅವರ ಮದುವೆಯ ದಿನ ಭಟ್ಟರಿಗೂ ಹಾಗೇ ಹೇಳಿರಬೇಕು.

ಮೊದಲನೆಯ ಹಂಗಾಮು ಮೋಡಕ್ಕೆ ಹೋಯಿತು. ಮಾವಿನ ಹೂವೆಂದರೆ ಸಾಸಿವೆಗಿಂತ ಸ್ವಲ್ಪ ದೊಡ್ಡದು. ಏಣಿಯ ಮೇಲೆ ನಿಂತು, ಚಿಮಟದಲ್ಲಿ ಬೇಡದ ಹೂಗಳನ್ನು ಕಿತ್ತು, ಉಳಿದದ್ದಕ್ಕೆ ಮುಂಡಪ್ಪದ ಪರಾಗ ಮುಟ್ಟಿಸಿ, ಗೊಂಚಲಿಗೆ ಚೀಲ ಕಟ್ಟಬೇಕು. ಕೆಳಗಿನಿಂದ ಪ್ರತಿಮಾ "ನಿಧಾನ, ನಿಧಾನ" ಎನ್ನುತ್ತಿದ್ದಳು. ಮೇಲಿನಿಂದ ಚಗಳಿ ಇರುವೆಗಳು ಬೇರೆಯೇ ಸಲಹೆ ಕೊಡುತ್ತಿದ್ದವು. ಒಮ್ಮೆ ಅಂಗಿಯೊಳಗೆ ಇಳಿದ ಇರುವೆಗೆ ಮರ್ಯಾದೆ ಕೊಡುತ್ತಾ ಏಣಿಯ ಮೇಲೆಯೇ ಕುಣಿದೆ. ರೋಹಿಣಿ ಅಕ್ಕ ಮೀನಿನ ಬುಟ್ಟಿ ಇಳಿಸಿ, "ಎಂತ ಸಂಜೀವಣ್ಣ, ಮೈಮೇಲೆ ದರ್ಶನ ಬಂತಾ?" ಎಂದು ಕೈ ಮುಗಿದಳು. ಇಷ್ಟೆಲ್ಲ ಆದ ಮೇಲೆ ಅಕಾಲದಲ್ಲಿ ಮಳೆ ಬಂದು ಹೂವೆಲ್ಲ ಕಪ್ಪಾಗಿ ಉದುರಿತು.

ಎರಡನೆಯ ಹಂಗಾಮಿನಲ್ಲಿ ಕಾಯಿ ನಿಂತಿತು. ಚೀಲದೊಳಗೆ ನಿಂಬೆಗಿಂತ ದೊಡ್ಡದಾದವು. ಒಂದು ಮಧ್ಯಾಹ್ನ ನಾನು ನೋಡಲು ಹೋದಾಗ ರೋಹಿಣಿ ಅಕ್ಕ ಊಟಕ್ಕೆ ಕೂರಿಸಿದಳು. ಅನ್ನಕ್ಕೆ ಬಂಗುಡೆ ಮೀನಿನ ಗಸಿ. ಹುಳಿಗೆ ಮಾವಿನಕಾಯಿ ಹಾಕಿದ್ದಳು. ಎರಡು ಸಲ ಹಾಕಿಸಿಕೊಂಡೆ. "ಅಕ್ಕ, ಈ ಹುಳಿಗೆ ಒಂದು ಗತ್ತು ಉಂಟು" ಎಂದು ಹೊಗಳಿದೆ.

"ಇರ್ಲಿಕ್ಕೇ ಬೇಕಲ್ಲ! ನೀವು ಚೀಲ ಕಟ್ಟಿ ಸಾಕಿದ್ದು. ಬಿಸಿಲಿಗೆ ಬಾಡದೆ ಎಷ್ಟು ಚಂದ ಇತ್ತು ಗೊತ್ತುಂಟಾ! ನಮ್ಮ ಉಪಯೋಗಕ್ಕೇ ಕಟ್ಟಿದ್ದಲ್ವಾ?"

ಬಾಯಲ್ಲಿದ್ದ ತುತ್ತು ನುಂಗಲೂ ಆಗದೆ ಉಗಿಯಲೂ ಆಗದೆ ಕುಳಿತೆ. ಒಂದು ವರ್ಷದ ಸಂಶೋಧನೆ ಅನ್ನದ ಜೊತೆ ಹೊಟ್ಟೆಯಲ್ಲಿತ್ತು. ತಪ್ಪು ಅವಳದ್ದಲ್ಲ. ಎಲೆಗೆ ಎಷ್ಟು, ಹೂವಿಗೆ ಎಷ್ಟು, ಏಣಿ ಇಡಲು ಎಷ್ಟು ಎಂದು ಚೌಕಾಸಿ ಮಾಡಿದ ನಾನು ಕಾಯಿಯ ವಿಷಯ ಮಾತಾಡಿಯೇ ಇರಲಿಲ್ಲ. ಮರ ಅವಳದ್ದು, ಕಾಯಿ ಅವಳದ್ದು, ಬಂಗುಡೆಯೂ ಅವಳದ್ದು. ಪ್ರತಿಮಾಳಿಗೆ ಫೋನು ಮಾಡಿ ಹೇಳಿದೆ. "ರುಚಿಯಾದರೂ ಹೇಗಿತ್ತು? ವರದಿಯಲ್ಲಿ ಬರೆಯಲಿಕ್ಕೆ" ಎಂದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

ಮೂರನೆಯದು ಕೊನೆಯದು. ಈ ಸಲ ರೋಹಿಣಿ ಅಕ್ಕನ ಹತ್ತಿರ ಒಪ್ಪಂದ ಸರಿಯಾಗಿಯೇ ಆಯಿತು: ಗಸಿಗೆ ಹುಳಿ ನಮ್ಮ ನರ್ಸರಿಯ ಮರದಿಂದ ಬುಟ್ಟಿಗಟ್ಟಲೆ ಬರುತ್ತದೆ, ಚೀಲದ ಕಾಯಿ ಮುಟ್ಟುವ ಹಾಗಿಲ್ಲ. ಅವಳು ಮಾತಿಗೆ ನಿಂತಳು. ನೆರೆಮನೆಯ ಮಕ್ಕಳು ಮರದ ಹತ್ತಿರ ಸುಳಿದರೆ, "ಹೋಗಿ ಮಕ್ಕಳೇ, ಅದು ಮಣಿಪಾಲದ ಮಾವು, ತಿಂದರೆ ಇಂಜೆಕ್ಷನ್ ಕೊಡ್ತಾರೆ" ಎಂದು ಓಡಿಸುತ್ತಿದ್ದಳು. ಹಣ್ಣಾದವು. ಗೊರಟು ತೆಗೆದು ಕಾಪುವಿಗೆ ತಂದು ಮರಳಿನ ಪಾತಿಯಲ್ಲಿ ಊರಿದೆವು.

ಪ್ರತಿಮಾ ತರಬೇತಿಗೆಂದು ಸ್ವಲ್ಪ ದಿನ ಪರವೂರಿಗೆ ಹೋಗುವವಳಿದ್ದಳು. ಹೊರಡುವ ಮೊದಲು, "ಸಂಜೀವಣ್ಣ, ಒಂದನ್ನೂ ಬಿಸಾಡಬೇಡಿ" ಎಂದಳು.

"ನನಗೆ ಹೇಳಿಕೊಡ್ಬೇಕಾ?" ಎಂದೆ.

ಇಲ್ಲಿ ಒಂದು ವಿಷಯ ತಿಳಿಸಬೇಕು. ನಮ್ಮ ಕರಾವಳಿಯ ಎಷ್ಟೋ ಊರ ಮಾವಿನಲ್ಲಿ ಒಂದು ಗೊರಟಿನಿಂದ ಒಂದೇ ಮೊಳಕೆ ಬರುವುದಿಲ್ಲ; ಎರಡು, ಮೂರು, ನಾಲ್ಕು ಬರುತ್ತವೆ. ಕಸಿ ಕಟ್ಟುವವರಿಗೆ ಗಟ್ಟಿ ಬುಡ ಬೇಕು. ಆದ್ದರಿಂದ ಅವುಗಳಲ್ಲಿ ದಪ್ಪದ್ದನ್ನು ಚೀಲಕ್ಕೆ ಹಾಕಿ, ಸಪೂರದ್ದನ್ನು ಎಸೆಯುವುದು ಪದ್ಧತಿ. ನನ್ನ ಬೆರಳುಗಳು ಇದನ್ನು ನನ್ನನ್ನು ಕೇಳದೆಯೇ ಮಾಡುತ್ತವೆ. ನರ್ಸರಿಯಲ್ಲಿ ನನ್ನಷ್ಟೇ ಹಳಬಳಾದ ಲೀಲಕ್ಕ ಪಾತಿಯ ಹತ್ತಿರ ಕೂತು, "ಇದರಲ್ಲಿಯೂ ಆರಿಸುದಾ ಅಣ್ಣ?" ಎಂದು ಕೇಳಿದ್ದೂ ಹೌದು.

"ಮತ್ತೆ? ಮಣಿಪಾಲಕ್ಕೆ ಹೋಗುವ ಮಾಲು. ನರಪೇತಲ ಕೊಟ್ಟರೆ ನಮ್ಮ ಮರ್ಯಾದೆ ಹೋಗ್ತದೆ. ಗಟ್ಟಿಯದ್ದು ಇಡು, ಬಾಕಿದ್ದು ರಾಶಿಗೆ ಹಾಕು."

ಪ್ರತಿಮಾ ಬಿಸಾಡಬೇಡಿ ಎಂದದ್ದು ನನಗೆ ನೆನಪಿತ್ತು. ಒಂದು ಗೊರಟನ್ನೂ ಬಿಸಾಡಿರಲಿಲ್ಲ. ಸಪೂರ ಮೊಳಕೆ ನನ್ನ ಲೆಕ್ಕದಲ್ಲಿ ಸಸಿಯೇ ಅಲ್ಲ.

ಅವಳು ತಿರುಗಿ ಬಂದಾಗ ಸಾಲಾಗಿ ನಿಂತ ಸಸಿಗಳನ್ನು ಪೊಲೀಸ್ ಪೆರೇಡಿನ ಹಾಗೆ ತೋರಿಸಿದೆ. ಎಲೆ ತೆಗೆದುಕೊಂಡು ಹೋದಳು. ಕೆಲವು ದಿನ ಬಿಟ್ಟು ನನ್ನನ್ನು ಮಣಿಪಾಲಕ್ಕೆ ಕರೆಸಿದರು. ದೊಡ್ಡ ಸಾರ್ ಕೂತಿದ್ದರು. ಪ್ರತಿಮಾ ಪರದೆಯ ಮೇಲೆ ಗೆರೆಗಳನ್ನು ತೋರಿಸಿದಳು. ಮೇಲೆ ತಾಯಿಯದ್ದು, ಅದರ ಕೆಳಗೆ ಮುಂಡಪ್ಪದ್ದು. ನಿಜವಾದ ಮಗುವಿನಲ್ಲಿ ತಾಯಿಯಿಂದ ಒಂದು ಗೆರೆ, ತಂದೆಯಿಂದ ಒಂದು ಗೆರೆ ಇರಬೇಕು. ನಮ್ಮ ಸಸಿಗಳಲ್ಲಿ ಪ್ರತಿಯೊಂದೂ ಅಚ್ಚು ಹೊಡೆದ ಹಾಗೆ ತಾಯಿಯೇ.

"ಮುಂಡಪ್ಪನ ಸುದ್ದಿಯೇ ಇಲ್ಲ," ಎಂದರು ದೊಡ್ಡ ಸಾರ್. "ಇನ್ನೊಮ್ಮೆ ಮಾಡಿ ನೋಡಿ."

"ಎರಡು ಸಲ ಮಾಡಿ ಆಯ್ತು ಸಾರ್," ಎಂದಳು ಪ್ರತಿಮಾ. ಆಮೇಲೆ ನನ್ನ ಕಡೆ ತಿರುಗಿದಳು. "ಸಂಜೀವಣ್ಣ, ಒಂದು ಗೊರಟಿನಲ್ಲಿ ಎಷ್ಟು ಮೊಳಕೆ ಬಂದಿತ್ತು?"

"ಮೂರು, ನಾಲ್ಕು! ಭಾರೀ ಚಂದ ಬಂದಿತ್ತು," ಎಂದೆ. ಹೆಮ್ಮೆ ಇನ್ನೂ ಇಳಿದಿರಲಿಲ್ಲ.

"ನನಗೆ ಕೊಟ್ಟದ್ದು ಗೊರಟಿಗೆ ಒಂದು. ಬಾಕಿದ್ದು?"

"ಸಪೂರ ಇತ್ತು. ರಾಶಿಗೆ ಹಾಕಿದ್ದು."

ಅವಳು ಕುರ್ಚಿ ಎಳೆದು ಕೂತಳು. ದೊಡ್ಡ ಸಾರ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ವಿಷಯ ಹೀಗಂತೆ: ಒಂದು ಗೊರಟಿನ ನಾಲ್ಕು ಮೊಳಕೆಗಳಲ್ಲಿ ಹೆಚ್ಚಿನವು ಬರೀ ತಾಯಿಯ ನಕಲು, ತಂದೆಯ ಸಂಬಂಧವೇ ಇಲ್ಲದವು. ಅವು ಗಟ್ಟಿಯಾಗಿ ಬರುತ್ತವೆ. ತಂದೆ ತಾಯಿ ಇಬ್ಬರಿಂದ ಹುಟ್ಟಿದ್ದು ಇದ್ದರೆ ಒಂದೇ, ಅದು ಹೆಚ್ಚಾಗಿ ಇವುಗಳ ನಡುವೆ ಅದುಮಿಹೋಗಿ ಸಪೂರವಾಗಿರುತ್ತದೆ. ಅಂದರೆ ನಾನು ಹುಡುಕುತ್ತಿದ್ದ ಮಕ್ಕಳನ್ನೇ ಆರಿಸಿ ಆರಿಸಿ ಎಸೆದಿದ್ದೆ. ಕೆಲಸ ಗೊತ್ತಿಲ್ಲದ ಯಾರನ್ನಾದರೂ ಪಾತಿಯ ಹತ್ತಿರ ಕೂರಿಸಿದ್ದರೆ ಅಪ್ಪಿತಪ್ಪಿ ಒಂದೆರಡಾದರೂ ಉಳಿಯುತ್ತಿತ್ತು. ನನ್ನಂಥ ಪರಿಣತ ಇದ್ದದ್ದರಿಂದ ಒಂದೂ ಉಳಿಯಲಿಲ್ಲ.

"ಹಾಗಾದರೆ ಯೋಜನೆ ಮುಚ್ಚುವ ಪತ್ರ ತಯಾರು ಮಾಡಬೇಕಾಗ್ತದೆ," ಎಂದರು ದೊಡ್ಡ ಸಾರ್ ಮೆಲ್ಲಗೆ.

ಪ್ರತಿಮಾ ನನ್ನನ್ನೇ ನೋಡಿದಳು. "ರಾಶಿ ಎಂದರೆ ಎಂತ ರಾಶಿ? ಸುಡುದಾ?"

"ಮಳೆಗಾಲದಲ್ಲಿ ಎಂತ ಸುಡುದು ಮಾರಾಯ್ತಿ! ಗೊಬ್ಬರದ ರಾಶಿ. ಶೆಡ್ಡಿನ ಹಿಂದೆ ಉಂಟು."

"ಕಿತ್ತದ್ದು ಬೇರು ಸಮೇತವಾ?"

"ಬೇರು ಸಮೇತ."

ಅವಳು ಎದ್ದೇಬಿಟ್ಟಳು. ನಮ್ಮ ಮಳೆಯಲ್ಲಿ ಕೊಡೆಯ ಕೋಲು ಊರಿದರೂ ಚಿಗುರುತ್ತದೆ. ಕಾಪುವಿಗೆ ಬಂದು ನೋಡಿದರೆ ರಾಶಿಯ ತುಂಬ ಹಸಿರು. ಆದರೆ ಸಂತೋಷ ಪಡುವ ಹಾಗಿರಲಿಲ್ಲ. ಆ ವರ್ಷ ಕಸಿಗೆಂದು ಜ್ಯೂಸ್ ಅಂಗಡಿಗಳಿಂದ, ಸಂತೆಯಿಂದ, ಎಲ್ಲೆಲ್ಲಿಂದಲೋ ತಂದ ಗೊರಟಿನ ಸಪೂರಗಳೆಲ್ಲ ಅದೇ ರಾಶಿಯಲ್ಲಿ ಒಟ್ರಾಶಿ ಬಿದ್ದಿದ್ದವು. ಇಡೀ ಊರಿನ ಮಾವಿನ ಅನಾಥಾಶ್ರಮ. ನೋಡಲಿಕ್ಕೆ ಎಲ್ಲವೂ ಒಂದೇ.

ಲೀಲಕ್ಕ ಸೊಂಟಕ್ಕೆ ಕೈ ಇಟ್ಟು ನಿಂತಳು. "ಇದರಲ್ಲಿ ನಮ್ಮದು ಯಾವುದು ಅಣ್ಣ? ನೋಡಿಯೇ ಹೇಳ್ತೀರಾ, ಕೆಂಪು ನೂಲು ತರಲಾ?"

ಉತ್ತರ ಪ್ರತಿಮಾಳ ಹತ್ತಿರ ಇತ್ತು: ಎಲೆಗೇ ಕೇಳಬೇಕು. ಕೆಮ್ಮಣ್ಣಿನ ತಾಯಿಯ ಗೆರೆ, ಮುಂಡಪ್ಪನ ಗೆರೆ, ಎರಡೂ ಯಾವುದರಲ್ಲಿ ನೋಡಿದ ಎಲ್ಲ ಕಡೆಯೂ ಕಾಣುತ್ತದೋ ಅದು ನಮ್ಮದು. ಹೆಸರು ಊರು ಇಲ್ಲದವರ ನಡುವೆಯೂ ಗುರುತು ಸುಳ್ಳು ಹೇಳುವುದಿಲ್ಲ. ತೊಂದರೆ ಎಂದರೆ ಪರೀಕ್ಷೆಯ ರಾಸಾಯನಿಕ ಮುಗಿಯುತ್ತಾ ಬಂದಿತ್ತು; ಇಷ್ಟು ಎಲೆಗೆ ಒಂದೊಂದಾಗಿ ಮಾಡಲು ದೊಡ್ಡ ಸಾರ್ ಒಪ್ಪುವವರಲ್ಲ.

ಇಲ್ಲಿ ನನ್ನ ವಿದ್ಯೆಗೆ ಸ್ವಲ್ಪ ಕೆಲಸ ಸಿಕ್ಕಿತು. ದೊಡ್ಡ ಸಾರ್ ಎದುರು ಕೂತು ಚೌಕಾಸಿಗೆ ಇಳಿದೆ. "ಸಾರ್, ಒಂದು ಕೊನೆಯ ಸಲ ಮಾಡ್ಲಿಕ್ಕೆ ಬಿಡಿ. ತಪ್ಪು ನನ್ನದು, ದಂಡವೂ ನನ್ನದೇ. ನಿಮ್ಮ ಅಂಗಳಕ್ಕೆ ಬೇಕಾದ ಗಿಡ ನಾನು ನೆಟ್ಟು ಕೊಡ್ತೇನೆ."

"ಗಿಡ ಬೇಡ. ಆ ರಾಶಿಯನ್ನು ಬೇರೆ ಯಾವುದಕ್ಕೂ ಮುಟ್ಟಬೇಡಿ. ಈ ಮಳೆಗಾಲ ಒಂದು ಬುಟ್ಟಿ ಗೊಬ್ಬರವೂ ಹೋಗಬಾರದು. ನಿಮ್ಮ ಜನರೆಲ್ಲ ಅದರಿಂದ ಸಸಿ ಬಿಡಿಸುವ ಕೆಲಸವನ್ನೇ ಮಾಡಬೇಕು."

"ಅಂದರೆ ನನ್ನ ಕಸಿ ವ್ಯಾಪಾರ?"

ಅವರು ಮಾತಾಡಲಿಲ್ಲ. ನನ್ನ ಜೀವಮಾನದಲ್ಲಿ ನಾನು ಕಂಡ ಅತಿ ದೊಡ್ಡ ಚೌಕಾಸಿದಾರ ಅವರೇ. ಬಾಯಿಯನ್ನೇ ತೆರೆಯದೆ ಗೆದ್ದರು.

ಪ್ರತಿಮಾ ಎಲೆಗಳನ್ನು ಗುಂಪು ಮಾಡಿದಳು. ಕೆಲವು ಸಸಿಗಳ ಎಲೆಚೂರನ್ನು ಒಟ್ಟಿಗೆ ಅರೆದು ಒಂದೇ ಕೊಳವೆಗೆ ಹಾಕುವುದು, ಆ ಗುಂಪಿನಲ್ಲಿ ತಾಯಿ ತಂದೆ ಇಬ್ಬರ ಗೆರೆಯೂ ಕಂಡರೆ ಮಾತ್ರ ಅದನ್ನು ಬಿಡಿಸಿ ಒಂದೊಂದಾಗಿ ನೋಡುವುದು. "ಮಲ್ಪೆ ಬಂದರಿನ ಮೀನು ಏಲಂ ಹಾಗೆ," ಎಂದೆ. "ಮೊದಲು ರಾಶಿ, ಆಮೇಲೆ ಬಿಡಿ." "ಹೌದು, ಆದರೆ ಇಲ್ಲಿ ಕೂಗುದು ಬೇಡ," ಎಂದಳು.

ನಾವು ಮಳೆಯಲ್ಲಿ ಮೊಣಕಾಲೂರಿ, ಗೊಬ್ಬರದಿಂದ ಒಂದೊಂದೇ ಪೇತಲವನ್ನು ಬಿಡಿಸಿ ಚೀಲಕ್ಕೆ ಹಾಕಿ ನಂಬರ್ ಕಟ್ಟಿದೆವು. ಹೆದ್ದಾರಿಯಿಂದ ಗಿರಾಕಿಗಳು ಇಳಿದು ಬಂದು ಕಸಿ ಗಿಡ ಕೇಳಿದರೆ ಇಲ್ಲ ಎನ್ನುವುದು. ರಾಶಿಯ ಮೇಲೆ ನಾಲ್ಕು ಕಾಲಲ್ಲಿ ಇದ್ದ ನನ್ನನ್ನು ನೋಡಿ ಅವರು "ಪಾಪ" ಎಂದು ಮುಂದೆ ಹೋಗುವುದು. ಯಾವ ಸಸಿಯನ್ನು ನೋಡಿದರೆ ಮೊದಲು ನನ್ನ ಬೆರಳು ಚಿವುಟಲು ಹೋಗುತ್ತಿತ್ತೋ ಅದಕ್ಕೇ ಈಗ ಕೊಡೆ ಹಿಡಿಯುತ್ತಿದ್ದೆ.

ಗುಂಪು ಗುಂಪಾಗಿ ಫಲಿತಾಂಶ ಬಂತು. ಇಲ್ಲ, ಇಲ್ಲ, ಇಲ್ಲ. ಪ್ರತಿಮಾಳ ಫೋನು ಬಂದರೆ ಲೀಲಕ್ಕ ನನ್ನ ಮುಖ ನೋಡಿಯೇ ಮತ್ತೆ ರಾಶಿಗೆ ಬಗ್ಗುತ್ತಿದ್ದಳು. ರಾಸಾಯನಿಕ ತಳ ಮುಟ್ಟುವ ಹೊತ್ತಿಗೆ ಒಂದು ಗುಂಪಿನಲ್ಲಿ ಇಬ್ಬರ ಗೆರೆಯೂ ಬಂತು. ಬಿಡಿಸಿ ನೋಡಿದಾಗ ಅದರೊಳಗೆ ಒಂದು ಸಸಿ. ಮತ್ತೊಂದು ಗುಂಪಿನಲ್ಲಿ ಇನ್ನೊಂದು. ಕಡೆಗೆ ಒಟ್ಟು ಮಾಡಿದರೆ ಒಂದು ಕೈಯ ಬೆರಳಿಗೆ ಭರ್ತಿ ಆಗಲಿಲ್ಲ. ಅವುಗಳಲ್ಲಿ ಒಂದು, ಎರಡು ಎಲೆಯ ಪೇತಲ, ಬಸವನಹುಳು ಅರ್ಧ ತಿಂದಿತ್ತು.

ದೊಡ್ಡ ಸಾರ್ ಪರದೆ ನೋಡಿದರು. ನಾನು ಪ್ರತಿಮಾ ಇಬ್ಬರೂ ಒಟ್ಟಿಗೇ ಹೇಳಿದೆವು: "ಇನ್ನೊಮ್ಮೆ ಮಾಡಿ ಆಯ್ತು ಸಾರ್."

ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಯೋಜನೆ ಮುಂದುವರಿಯಿತು, ಪ್ರತಿಮಾಳ ಹುದ್ದೆ ಉಳಿಯಿತು. ಸಸಿಗಳು ದೊಡ್ಡದಾದ ಮೇಲೆ ಅವುಗಳ ಕಡ್ಡಿಯಿಂದ ಗಿಡ ಮಾಡಿ ಉಪ್ಪುನೀರಿಗೆ ಒಡ್ಡಿದರು. ಎಲೆ ಸುಟ್ಟದ್ದು ಯಾವುದು, ಸುಡದೆ ಉಳಿದದ್ದು ಯಾವುದು ಎಂದು ಗುರುತಿನ ಜೊತೆ ಹೊಂದಿಸಿ ನೋಡುವ ಕೆಲಸ ಈಗಲೂ ನಡೆಯುತ್ತಿದೆ. ಇಷ್ಟು ಕಡಿಮೆ ಸಸಿಗಳಿಂದ ಏನೂ ಖಾತ್ರಿ ಹೇಳಲಾಗದು, ಇನ್ನೂ ಬಹಳ ಬೇಕು ಎಂದು ಪ್ರತಿಮಾಳೇ ಹೇಳುತ್ತಾಳೆ. ಬಸವನಹುಳು ತಿಂದ ಪೇತಲ ಮಾತ್ರ ಕೆಮ್ಮಣ್ಣಿನ ಹಿನ್ನೀರ ಬದಿಯಲ್ಲಿ ನಿಂತು, ಕಳೆದ ಹಂಗಾಮಿನಲ್ಲಿ ಮೊದಲ ಹಣ್ಣು ಕೊಟ್ಟಿತು. ಗಾತ್ರ ಮುಂಡಪ್ಪನದ್ದು. ರುಚಿ ನೋಡಲು ಎಲ್ಲರೂ ಸೇರಿದೆವು. ಒಂದು ಹೋಳು ಬಾಯಿಗೆ ಹಾಕಿಕೊಂಡು ರೋಹಿಣಿ ಅಕ್ಕ ಕಣ್ಣು ಮುಚ್ಚಿದಳು. "ಅಪ್ಪನ ಗಾತ್ರ, ಅಮ್ಮನ ನಾರು," ಎಂದಳು. "ನಿಮ್ಮ ಮಿಷನಿನವರು ಇದನ್ನು ಮೊದಲೇ ಹೇಳ್ಲಿಲ್ವಾ?"

"ಮುಂದಿನದರಲ್ಲಿ ಹೇಳ್ತೇವೆ ಅಕ್ಕ," ಎಂದಳು ಪ್ರತಿಮಾ, ಇನ್ನೊಂದು ಹೋಳು ತೆಗೆದುಕೊಳ್ಳುತ್ತಾ.

ಈಗ ನರ್ಸರಿಯನ್ನು ಲೀಲಕ್ಕನ ಮಗಳು ನೋಡಿಕೊಳ್ಳುತ್ತಾಳೆ. ಈ ಕೆಲಸಕ್ಕೆ ಹೊಸದಾಗಿ ಬರುವ ನಿಮಗೆ ನಾನು ಹೇಳುವುದು, ಕೇಳಿದರೆ ನಿಮ್ಮ ಪುಣ್ಯ. ಮರದ ಯಜಮಾನರ ಹತ್ತಿರ ಎಲೆ, ಹೂ, ಕಾಯಿ, ಗೊರಟು, ಪ್ರತಿಯೊಂದರ ಮಾತೂ ಮೊದಲೇ ಆಡಿಕೊಳ್ಳಿ. ಅವರ ಅಡುಗೆಮನೆಯನ್ನೂ ಒಪ್ಪಂದದೊಳಗೆ ಸೇರಿಸಿ. ಎಲೆ ತೆಗೆಯುವುದಾದರೆ ಎಳೆಯದ್ದನ್ನು ಬೆಳಿಗ್ಗೆ ತೆಗೆದು, ಮೀನಿನವರ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸಿನ ಜೊತೆ ಇಡಿ, ಆದರೆ ಪೆಟ್ಟಿಗೆ ಹೊಸದಿರಲಿ. ಒಂದು ಗೊರಟಿನ ಎಲ್ಲ ಮೊಳಕೆಗಳನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ, ಒಂದೇ ನಂಬರಿನ ಕೆಳಗೆ ಅ, ಆ, ಇ ಎಂದು ಬರೆಯಿರಿ; ಸಪೂರದ್ದಕ್ಕೆ ಹೆಚ್ಚು ನೆರಳು ಕೊಡಿ. ಪ್ರಯೋಗಶಾಲೆಯವರು ಏನಾದರೂ ಹೇಳಿದರೆ "ಗೊತ್ತುಂಟು" ಎನ್ನುವ ಮೊದಲು "ಯಾಕೆ" ಎಂದು ಒಮ್ಮೆ ಕೇಳಿ. ಯಾಕೆ ಎಂದು ಕೇಳುವುದಕ್ಕೆ ಯಾರೂ ರೇಟು ಹಾಕುವುದಿಲ್ಲ, ನಾನು ಹುಡುಕಿ ನೋಡಿದ್ದೇನೆ. ಮತ್ತು ನಿಮ್ಮ ಕೈ ಯಾವ ಕೆಲಸವನ್ನು ನಿಮ್ಮನ್ನು ಕೇಳದೆ ಮಾಡುತ್ತದೋ, ಹೊಸ ಕೆಲಸದ ಮೊದಲ ದಿನ ಆ ಕೈಯನ್ನು ಕಿಸೆಯಲ್ಲಿ ಇಟ್ಟುಕೊಳ್ಳಿ.